ತಕ್ಕಡಿಯಣ್ಣನ ಉಸಿರು

ತಕ್ಕಡಿಯಣ್ಣನನ್ನು ಅವನ ನಿಜವಾದ ಹೆಸರಿನಿಂದ ಕರೆದರೆ ನಮ್ಮ ಆಸ್ಪತ್ರೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಅವನೂ ಸೇರಿ. ಆಫೀಸಿನ ಗುಮಾಸ್ತರು ಒಮ್ಮೊಮ್ಮೆ ರಿಜಿಸ್ಟರು ನೋಡಿ ಆ ಹೆಸರು ಕೂಗುತ್ತಾರೆ. ಉತ್ತರ ಬರುವುದಿಲ್ಲ. ಆಮೇಲೆ ಬೇಸತ್ತು "ರೀ, ತಕ್ಕಡಿ" ಅಂದರೆ "ಹೇಳಿ ಸಾರ್" ಅಂತ ಎದ್ದು ಹೋಗುತ್ತಾನೆ.

ಅವನ ಕೆಲಸ ರಕ್ತ ತೂಗುವುದು. ಅದೊಂದೇ ಅಲ್ಲ. ನಮ್ಮದು ಮೂಗು, ಕಿವಿ, ಗಂಟಲಿನ ವಿಭಾಗ. ಅದರ ಥಿಯೇಟರಿನಲ್ಲಿ ಟೇಬಲ್ ಒರೆಸುವುದು, ದೀಪ ಹೊಂದಿಸುವುದು, ರೋಗಿಯನ್ನು ಗಾಡಿಯಿಂದ ಟೇಬಲ್ಲಿಗೆ ಎತ್ತುವುದು ಎಲ್ಲ ಅವನದೇ. ಆದರೆ ಅವನು ಮನಸ್ಸಿಟ್ಟು ಮಾಡುತ್ತಿದ್ದದ್ದು ತೂಗುವ ಕೆಲಸವನ್ನು. ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿಯ ಪಕ್ಕ ಒಂದು ಎತ್ತರದ ಸ್ಟೂಲು, ಎದುರಿಗೆ ಪುಟ್ಟ ತೂಕದ ಯಂತ್ರ. ಆಪರೇಷನ್ನಿಗೆ ಮುಂಚೆ ರಕ್ತ ಒರೆಸುವ ಒಣ ಗಾಜ್ ಬಟ್ಟೆಯ ತುಂಡುಗಳನ್ನು ತೂಗಿ ಬರೆದಿಡುತ್ತಾನೆ. ರಕ್ತದಲ್ಲಿ ತೊಯ್ದ ತುಂಡುಗಳು ಬಂದಂತೆಲ್ಲ ಮತ್ತೆ ತೂಗುತ್ತಾನೆ. ಮೂಗಿನಿಂದ ಎಳೆದ ರಕ್ತ ತುಂಬುವ ಬಾಟಲಿಯನ್ನೂ ನೋಡಿ, ಅದರಲ್ಲಿ ತೊಳೆಯಲು ಬಿಟ್ಟ ನೀರೆಷ್ಟು ಅಂತ ಕಳೆದು, ಕೊನೆಗೊಂದು ಅಂಕಿ ಹೇಳುತ್ತಾನೆ.

ಆ ಅಂಕಿಯ ವಿಷಯದಲ್ಲಿ ಅವನು ಯಾರಪ್ಪನ ಮಾತನ್ನೂ ಕೇಳುವವನಲ್ಲ.

"ಎಷ್ಟಾಯ್ತು ತಕ್ಕಡಿ?" ಅಂತ ಮೂಗಿನ ಡಾಕ್ಟರು ಕೇಳುತ್ತಿದ್ದರು.

"ನೂರ ಎಪ್ಪತ್ತೆರಡು, ಸಾರ್."

"ಅಷ್ಟೆಲ್ಲ ಎಲ್ಲಾಯ್ತು? ಒಂದು ಐವತ್ತು ಅರವತ್ತು ಆಗಿರ್ಬೇಕು, ಅಷ್ಟೇ."

"ಬರ್ಕೊಳ್ಳೋರು ನೀವು ಸಾರ್. ತೂಗಿದ್ದು ನೂರ ಎಪ್ಪತ್ತೆರಡು."

ಡಾಕ್ಟರು ಮುಖವಾಡದೊಳಗೇ ಏನೋ ಗೊಣಗಿ ನೂರ ಎಪ್ಪತ್ತೆರಡೇ ಬರೆಯುತ್ತಿದ್ದರು. ಆ ಗೊಣಗಾಟ ಕೇಳಿದರೆ ನನಗೆ ಒಳಗೊಳಗೇ ಖುಷಿ. ನಾನು ಅದೇ ವಿಭಾಗದ ವಾರ್ಡಿನ ಸಿಸ್ಟರ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ವಿಭಾಗಕ್ಕೆ ತಕ್ಕ ಹಾಗೆ.

ನನ್ನದೂ ಅವನದೂ ಗಂಟು ಬಿದ್ದದ್ದು ಒಂದು ಮಾತ್ರೆಯಿಂದ. ಮೂಗಿನ ಒಳಗು ಬಹಳ ಇಕ್ಕಟ್ಟು. ಅಲ್ಲಿ ಒಂದು ಚಮಚ ರಕ್ತ ನಿಂತರೂ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಪಕ್ಕದ ತೆಳು ಗೋಡೆಯಾಚೆ ಕಣ್ಣು, ಮೇಲೆ ಮೆದುಳು. ಕುರುಡಾಗಿ ಕತ್ತರಿ ಆಡಿಸುವ ಜಾಗವಲ್ಲ ಅದು. ನಮ್ಮ ಅರಿವಳಿಕೆಯ ಡಾಕ್ಟರು, ಎಲ್ಲರೂ ಮೇಡಂ ಅನ್ನುತ್ತೇವೆ, ಬಂದ ಹೊಸದರಲ್ಲಿ ಒಂದು ಮಾತು ಹೇಳಿದರು. "ನಲ್ಲಿ ಮುಚ್ಚೋಕಾಗಲ್ಲ ಅಂದ್ರೆ ಪಂಪು ನಿಧಾನ ಮಾಡೋಣ." ಬೀಟಾ ಬ್ಲಾಕರ್ ಅನ್ನುವ ಜಾತಿಯ ಮಾತ್ರೆ ಅದು. ರಕ್ತದೊತ್ತಡಕ್ಕೆ, ಎದೆ ಡವಗುಟ್ಟುವುದಕ್ಕೆ ಎಷ್ಟೋ ವರ್ಷಗಳಿಂದ ಕೊಡುತ್ತ ಬಂದಿರುವಂಥದು. ಆಪರೇಷನ್ನಿಗೆ ಒಂದೂವರೆ ಗಂಟೆ ಮುಂಚೆ ಒಂದು ಗುಟುಕು ನೀರಿನಲ್ಲಿ ನುಂಗಿಸಿದರೆ ನಾಡಿ ಇಳಿಯುತ್ತದೆ, ಒತ್ತಡ ಇಳಿಯುತ್ತದೆ, ರೋಗಿ ಮತ್ತಿನಲ್ಲಿದ್ದಾಗ ಮೂಗು ಅಷ್ಟಾಗಿ ರಕ್ತ ಕಾರುವುದಿಲ್ಲ.

ಮೇಡಂ ಯಾವುದನ್ನೂ ಸುಮ್ಮನೆ ನಂಬುವವರಲ್ಲ. ಒಪ್ಪಿಕೊಂಡ ರೋಗಿಗಳಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ಸಪ್ಪೆ ಮಾತ್ರೆ ಅಂತ ಕೆಲವು ತಿಂಗಳು ನಡೆಸಿದರು. ಯಾರಿಗೆ ಯಾವುದು ಅನ್ನುವುದು ನನಗೂ ಮೇಡಂಗೂ ಬಿಟ್ಟು ಥಿಯೇಟರಿನಲ್ಲಿ ಯಾರಿಗೂ ಗೊತ್ತಿಲ್ಲ. ತಕ್ಕಡಿಯಣ್ಣನಿಗಂತೂ ಗೊತ್ತಾಗಲೇಬಾರದು. ಆದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಲೋಟ ಹಿಡಿದು ನನ್ನೆದುರು ಬಂದು ಕೂರುತ್ತಿದ್ದ.

"ಇವತ್ತಿನ ಎರಡನೆಯವರಿಗೆ ನಿಜವಾದದ್ದು ಕೊಟ್ಟಿದ್ರಿ."

"ನಾನು ಹೇಳಲ್ಲ."

"ಹೇಳ್ಬೇಡಿ. ನೂರಾ ಎಂಟು ಗ್ರಾಂ. ಮೊದಲನೆಯವರದು ಇನ್ನೂರ ಹತ್ತು. ನೀವು ಹೇಳ್ದಿದ್ರೇನು?"

ಹತ್ತಕ್ಕೆ ಎಂಟು ಸಲ ಅವನ ಊಹೆ ಸರಿಯಿರುತ್ತಿತ್ತು. ಅವನು ದಿನದಲ್ಲಿ ಆಡುತ್ತಿದ್ದ ಉದ್ದದ ಮಾತೂ ಬಹುಶಃ ಇದೊಂದೇ.

ಕೊನೆಗೆ ಮಾತ್ರೆ ಗೆದ್ದಿತು, ರೂಢಿಯಾಯಿತು. ಆದರೆ ಅದಕ್ಕೊಂದು ಕೆಟ್ಟ ಗುಣವಿದೆ. ಹೃದಯದ ಓಟವನ್ನು ತಡೆಯುವ ಹಾಗೇ ಉಬ್ಬಸ ಇರುವವರ ಶ್ವಾಸನಾಳವನ್ನೂ ಹಿಸುಕಿಬಿಡುತ್ತದೆ. ಮೂಗಿನಲ್ಲಿ ದುರ್ಮಾಂಸ ಬೆಳೆದವರಲ್ಲಿ ಉಬ್ಬಸದವರು ಕಡಿಮೆಯೇನಲ್ಲ. ಹಾಗಾಗಿ ಮಾತ್ರೆ ಕೊಡುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಲೇಬೇಕು. ಉಬ್ಬಸ ಇದೆಯಾ, ರಾತ್ರಿ ಎದೆ ಸುಂಯ್ ಅನ್ನುತ್ತಾ, ಕೆಮ್ಮಿ ಎಚ್ಚರ ಆಗುತ್ತಾ.

ಈ ಪ್ರಶ್ನೆಗಳನ್ನು ನಾನು ರೋಗಿಯನ್ನು ಕೇಳುವುದಿಲ್ಲ. ಜೊತೆಗೆ ಬಂದವರನ್ನು ಕೇಳುತ್ತೇನೆ. ಅದು ನಾನೇ ಮಾಡಿಕೊಂಡ ಪದ್ಧತಿ, ಯಾವ ಪುಸ್ತಕದಲ್ಲೂ ಇಲ್ಲ. ಒಮ್ಮೆ ಒಬ್ಬ ಲಾರಿ ಡ್ರೈವರು ಎದೆ ತಟ್ಟಿಕೊಂಡು "ನನಗಾ? ಕಲ್ಲು ಸಿಸ್ಟರ್, ಕಲ್ಲು" ಅಂದ. ಅವನ ಹೆಂಡತಿ ಹಿಂದೆ ನಿಂತಿದ್ದವಳು "ಆ ಕಲ್ಲು ದಿನಾ ರಾತ್ರಿ ಕೊಳಲು ಊದುತ್ತೆ, ಕೇಳ್ಬೇಕು ನೀವು" ಅಂದಳು. ಅವತ್ತೇ ತೀರ್ಮಾನ ಮಾಡಿದೆ. ಮಲಗಿದವನಿಗೆ ತನ್ನ ಎದೆಯ ಸುದ್ದಿ ಏನು ಗೊತ್ತು? ಪಕ್ಕದಲ್ಲಿ ಮಲಗಿದವರಿಗೆ ಗೊತ್ತು. ಅವರು ಹೌದು ಅಂದರೆ ಮಾತ್ರೆ ಇಲ್ಲ, ನೇರ ಆಚೆ ಕಟ್ಟಡಕ್ಕೆ, ಕೊಳವೆಯಲ್ಲಿ ಊದುವ ಪರೀಕ್ಷೆಗೆ. ಈ ಪದ್ಧತಿ ಮಾಡಿದ್ದಕ್ಕೆ ಮೇಡಂ ನನ್ನನ್ನು ಎಲ್ಲರೆದುರು ಹೊಗಳಿದ್ದರು. ನಾನೂ ಸ್ವಲ್ಪ ಉಬ್ಬಿದ್ದೆ.

ತಕ್ಕಡಿಯಣ್ಣನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಆಗ ನಾವು ನಾಲ್ಕು ಜನ ಅವನ ಮನೆಗೆ ಹೋಗಿದ್ದೆವು. ಎರಡನೇ ಮಹಡಿ, ಉದ್ದದ ಮೊಗಸಾಲೆಯ ಕೊನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅವನು ನಮಗೆ ಕುರ್ಚಿ ಹಾಕಿ, ತಾನು ಬಾಗಿಲಿಗೆ ಒರಗಿ ನಿಂತು, "ರಜ ಬೇಡ, ನಾಳೆ ಬರ್ತೀನಿ" ಅಂದ. ಮಾರನೆಯ ದಿನ ಬಂದ. ಅಳಲಿಲ್ಲ, ಯಾರ ಹತ್ತಿರವೂ ಏನೂ ಹೇಳಿಕೊಳ್ಳಲಿಲ್ಲ. ಗಟ್ಟಿ ಮನುಷ್ಯ ಅಂದರು ಎಲ್ಲರೂ. ಗಟ್ಟಿ ಅಂತ ಹೇಳಿಬಿಟ್ಟರೆ ಆಮೇಲೆ ವಿಚಾರಿಸುವ ತಾಪತ್ರಯ ಇರುವುದಿಲ್ಲವಲ್ಲ. ಒಂಬತ್ತು ವರ್ಷ ನಾವು ಯಾರೂ ವಿಚಾರಿಸಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ನಡುವೆ ಅವನ ದನಿ ಬದಲಾಯಿತು. ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ. ಬಾಯಿ ತೆರೆದೇ ಉಸಿರಾಡುತ್ತಿದ್ದ. ಕ್ಯಾಂಟೀನಿನಲ್ಲಿ ಹಾಲು ಸೀದು ಎಲ್ಲರೂ ಮೂಗು ಮುಚ್ಚಿಕೊಂಡು ಆಚೆ ಬಂದರೆ ಅವನು ಒಳಗೇ ಕೂತು ಊಟ ಮಾಡುತ್ತಿದ್ದ. ಮೂಗಿನ ಡಾಕ್ಟರೇ ಒಂದು ದಿನ ರೇಗಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ದೀಪ ಹಾಕಿ ನೋಡಿದರು. ಎರಡೂ ಕಡೆ ದುರ್ಮಾಂಸ, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ.

"ಎಷ್ಟು ದಿನದಿಂದ ವಾಸನೆ ಇಲ್ಲ?"

"ಮೂರು ವರ್ಷ ಆಗಿರ್ಬೇಕು ಸಾರ್."

"ಮೂರು ವರ್ಷ ನನ್ನ ಪಕ್ಕದಲ್ಲೇ ನಿಂತಿದ್ದೀಯಲ್ಲ ಮಾರಾಯ, ಬಾಯಿ ಬಿಡೋಕೇನಾಗಿತ್ತು?"

"ಬಿಟ್ಟೇ ಇದ್ದೆ ಸಾರ್" ಅಂದ. ನಾವೆಲ್ಲ ನಕ್ಕೆವು.

ಆಪರೇಷನ್ ದಿನ ಗೊತ್ತಾಯಿತು. ತೊಡಕು ಬಂದದ್ದು ಕಾಗದದಲ್ಲಿ. ನಮ್ಮಲ್ಲಿ ಜೊತೆಗಾರರ ಸಹಿ ಇಲ್ಲದೆ ಯಾರನ್ನೂ ಟೇಬಲ್ಲಿನ ಮೇಲೆ ಮಲಗಿಸುವ ಹಾಗಿಲ್ಲ. ನಾನು ಫಾರಂ ಹಿಡಿದು ಕೂತೆ.

"ಜೊತೆಗೆ ಯಾರು ಬರ್ತಾರೆ?"

"ಯಾರೂ ಬೇಡ."

"ಬೇಡ ಅಂದ್ರಾಗಲ್ಲ ಅಣ್ಣ. ನಿಮ್ಮ ಭಾವಮೈದ ಇದ್ದಾರಲ್ಲ?"

"ಅವಳು ಹೋದ್ಮೇಲೆ ಬರೋದು ನಿಲ್ಸಿದ್ರು. ಈಗ ಮೂಗಿನ ನೆಪ ಹೇಳಿ ಕರೀಲಾ?" ಅವನು ಕೈಯ ಉಗುರು ನೋಡಿಕೊಂಡ. "ಸಿಸ್ಟರ್, ಯಾರಿಗೂ ಭಾರ ಆಗ್ದೆ ಇದೊಂದು ಮುಗಿದ್ಹೋದ್ರೆ ಸಾಕು. ನೀವೇ ಹಾಕ್ಬಿಡಿ ಸಹಿ."

ಹಾಕಿದೆ. ಸಂಬಂಧ ಅನ್ನುವ ಕಡೆ "ತಂಗಿ" ಅಂತ ಬರೆದೆ. ಬರೆದು ಅವನ ಮುಖ ನೋಡಿದೆ. ಅವನು ಅದನ್ನು ಎರಡು ಸಲ ಓದಿದ.

ಆಮೇಲೆ ಪ್ರಶ್ನೆಗಳು. ನಾನು ಬಾಯಿ ತೆರೆಯುವ ಮುಂಚೆಯೇ ಅವನು ಶುರು ಮಾಡಿದ. ವರ್ಷಗಟ್ಟಲೆ ಬಾಗಿಲಾಚೆ ನಿಂತು ಕೇಳಿಸಿಕೊಂಡ ಪಟ್ಟಿ ಅವನಿಗೆ ಬಾಯಿಪಾಠ. "ಸಕ್ಕರೆ ಕಾಯಿಲೆ ಇಲ್ಲ. ಹಿಂದೆ ಆಪರೇಷನ್ ಇಲ್ಲ. ಉಬ್ಬಸ ಇಲ್ಲ. ಎದೆ ಸುಂಯ್ ಅನ್ನೋದಿಲ್ಲ. ಕಟ್ಟಿದ ಹಲ್ಲಿಲ್ಲ." ಅವನು ಹೇಳುತ್ತ ಹೋದ, ನಾನು ಟಿಕ್ ಹಾಕುತ್ತ ಹೋದೆ. ಇಬ್ಬರೂ ನಗುತ್ತಿದ್ದೆವು.

ಜೊತೆಗಾರರನ್ನೇ ಕೇಳಬೇಕು ಅಂತ ಪದ್ಧತಿ ಮಾಡಿದವಳು ನಾನು. ಆ ದಿನ ಜೊತೆಗಾರಳೂ ನಾನೇ. ಅವನ ರಾತ್ರಿಗಳ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ನನ್ನ ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ನಾನು ಒಂದು ಸಲ ಮಗ್ಗುಲು ಬದಲಿಸಿದರೆ ಬೆಳಿಗ್ಗೆ ನಾಲ್ಕು ಜನ ಅದರ ಮೇಲೆ ದೂರು ಹೇಳುತ್ತಾರೆ. ಅಂಥವಳಿಗೆ ಅದು ಹೊಳೆಯಲೇ ಇಲ್ಲ.

ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೇಡಂ ಸ್ಟೆತಾಸ್ಕೋಪ್ ಇಟ್ಟು ನೋಡಿದರು, ಎದೆ ಶುದ್ಧವಾಗಿತ್ತು. ಊದುವ ಪರೀಕ್ಷೆಗೆ ಬರೆಯಲಾ ಅಂತ ಕೇಳಿದರು. ನಾನು ಫಾರಂ ತೋರಿಸಿ "ಏನೂ ಇಲ್ಲ ಮೇಡಂ" ಅಂದೆ. ಬೇರೆ ರೋಗಿಗಳು ಹಿಂದಿನ ಸಂಜೆಯೇ ಬಂದು ವಾರ್ಡಿನಲ್ಲಿ ಮಲಗಬೇಕು. ಇವನಿಗೆ ಅದೂ ಮಾಫಿ. ನಮ್ಮವನೇ ಅಲ್ವಾ, ಬೆಳಿಗ್ಗೆ ಬಂದರೆ ಸಾಕು ಅಂದೆವು. ಹೊರಗಿನವನಾಗಿದ್ದರೆ ಅವನು ಮೂರು ಕಡೆ ಸಿಕ್ಕಿಬೀಳುತ್ತಿದ್ದ. ನಮ್ಮವನಾಗಿ ಮೂರನ್ನೂ ದಾಟಿ ಬಂದ.

ಆಪರೇಷನ್ ದಿನ ಬೆಳಿಗ್ಗೆ ಆರೂವರೆಗೆ ಪುಟ್ಟ ಚೀಲ ಹಿಡಿದು, ಕ್ಷೌರ ಮಾಡಿಕೊಂಡು, ಮದುವೆಗೆ ಹೊರಟವನ ಹಾಗೆ ಬಂದ. ಆಸ್ಪತ್ರೆಯ ಹಸಿರು ಬಟ್ಟೆ ಹಾಕಿಸಿದೆ. ರೋಗಿಯ ಬಟ್ಟೆಯಲ್ಲಿ ಅವನು ಸಣ್ಣಗೆ ಕಂಡ. ಏಳೂವರೆಗೆ ಮಾತ್ರೆ ಕೊಟ್ಟೆ. ನಾಡಿ ಎಂಬತ್ತನಾಲ್ಕು ಇತ್ತು.

"ಇವತ್ತು ನಂದು ಯಾರು ತೂಗ್ತಾರೆ?"

"ನಾನೇ ತೂಗ್ತೀನಿ."

"ಒಣ ಬಟ್ಟೆ ಮೊದ್ಲು ತೂಗಿ ಬರ್ಕೊಳ್ಳಿ. ಎಲ್ಲರೂ ಅದನ್ನ ಮರೀತಾರೆ. ತೊಳೆದ ನೀರು ಕಳೀರಿ." ಆಮೇಲೆ "ನೂರು ದಾಟಲ್ಲ, ನೋಡ್ತಿರಿ" ಅಂದ. ಮಾತ್ರೆಯ ಮೇಲೆ ಅವನಿಗೆ ಅಷ್ಟು ನಂಬಿಕೆ.

ಎಂಟು ಗಂಟೆಯ ಹೊತ್ತಿಗೆ ನಾಡಿ ಎಪ್ಪತ್ತಕ್ಕೆ ಇಳಿದಿತ್ತು. ಒಳ್ಳೆಯದೇ ಅಂದುಕೊಂಡು ಪಕ್ಕದ ಹಾಸಿಗೆಯವರ ಕಡೆ ಹೋದೆ. ಹಿಂದಿನಿಂದ ಕೆಮ್ಮು ಕೇಳಿತು, ಒಂದು, ಆಮೇಲೆ ಬಿಡದೆ. ತಿರುಗಿ ನೋಡಿದರೆ ಅವನು ಎದ್ದು ಕೂತು, ಎರಡೂ ಕೈ ಹಾಸಿಗೆಯ ಅಂಚಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದ. ಎಳೆದದ್ದು ಆಚೆ ಬರುತ್ತಿರಲಿಲ್ಲ. ಎರಡು ಹಾಸಿಗೆ ಆಚೆಗೂ ಕೇಳುವ ಹಾಗೆ ಎದೆಯಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ತುಟಿ ನೀಲಿ.

ನನ್ನ ಜೀವ ಬಾಯಿಗೆ ಬಂತು. ಆದರೂ ಕೈ ನಿಲ್ಲಲಿಲ್ಲ, ಇಷ್ಟು ವರ್ಷದ ಅಭ್ಯಾಸ. ಆಮ್ಲಜನಕ ಹಾಕಿದೆ, ಮೇಡಂಗೆ ಕೂಗಿದೆ, ಔಷಧಿಯನ್ನು ಹಬೆಯಾಗಿ ಕೊಡುವ ನೆಬ್ಯುಲೈಸರ್ ಹಚ್ಚಿದೆ. ಮೇಡಂ ಓಡಿ ಬಂದು ಎದೆಗೆ ಕಿವಿ ಕೊಟ್ಟವರು ನನ್ನ ಕಡೆ ಒಂದು ಸಲ ನೋಡಿದರು. ಆ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

"ಉಬ್ಬಸ ಇಲ್ಲ ಅಂದ್ರಲ್ಲ?"

ನಾನು ನೆಬ್ಯುಲೈಸರಿಗೆ ಮತ್ತೆ ಔಷಧಿ ತುಂಬಿದೆ.

ಮಾಮೂಲಿ ಔಷಧಿ ಬೇಗ ಹತ್ತಲಿಲ್ಲ. ಅದು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೋ ಆ ಬಾಗಿಲಿಗೇ ನಮ್ಮ ಮಾತ್ರೆ ಅಡ್ಡ ಕೂತಿತ್ತು. ಮೇಡಂ ಬೇರೆ ಔಷಧಿ ಸೇರಿಸಿದರು, ಇಂಜೆಕ್ಷನ್ ಕೊಟ್ಟರು, ಮತ್ತೆ ಕೊಟ್ಟರು. ಒಂದೂವರೆ ಗಂಟೆ ಕಾಲ ನಾವಿಬ್ಬರೂ ಅವನ ಹಾಸಿಗೆ ಬಿಟ್ಟು ಕದಲಲಿಲ್ಲ. ಮೂಗಿನ ಡಾಕ್ಟರು ಕೈಗವಸು ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದು, ಹೋಗಿ ಥಿಯೇಟರಿನ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದರು. ಒಂಬತ್ತೂವರೆಯ ಹೊತ್ತಿಗೆ ಸಿಳ್ಳೆ ಸಣ್ಣದಾಯಿತು, ತುಟಿಗೆ ಬಣ್ಣ ಬಂತು. ಅವನು ಮುಖವಾಡದೊಳಗಿಂದಲೇ ನನ್ನತ್ತ ನೋಡಿ, ಎರಡು ಬೆರಳು ಗಾಳಿಯಲ್ಲಿ ತಿರುಗಿಸಿದ. ನನಗೆ ಅರ್ಥವಾಗಲಿಲ್ಲ. ಮುಖವಾಡ ಸರಿಸಿದೆ.

"ಗ್ಯಾಸು. ಆರ್ಸಿದ್ನೋ ಇಲ್ವೋ. ವಾಸನೆ ಗೊತ್ತಾಗಲ್ಲ ನಂಗೆ. ನೋಡ್ಬಿಟ್ಟು ಬನ್ನಿ."

ಬದುಕಿ ಬಂದವನ ಮೊದಲ ಮಾತು ಅದು. ಅವನ ಮನೆಗೆ ಹೋಗಿ ನೋಡು ಅಂತ ಹೇಳಲು ಇನ್ನೊಬ್ಬರಿರಲಿಲ್ಲ. ಫಾರಂ ತೆಗೆದು ನೋಡಿದರೆ, ತೊಂದರೆಯಾದರೆ ಯಾರಿಗೆ ತಿಳಿಸಬೇಕು ಅನ್ನುವಲ್ಲೂ ನನ್ನದೇ ನಂಬರು.

ಮಧ್ಯಾಹ್ನ ಅವನ ಬೀಗದ ಕೈ ತೆಗೆದುಕೊಂಡು ಹೋದೆ. ಗ್ಯಾಸು ಆರಿತ್ತು. ಒಲೆಯ ಮೇಲೆ ತಳ ಕಪ್ಪಗೆ ಸುಟ್ಟ ಎರಡು ಪಾತ್ರೆ. ಒಂದು ತಟ್ಟೆ, ಒಂದು ಲೋಟ, ತೊಳೆದು ಬೋರಲು ಹಾಕಿದ್ದು. ಹಾಸಿಗೆಗೆ ಮೂರು ದಿಂಬು, ಒಂದರ ಮೇಲೊಂದು. ನಾನು ಅದನ್ನು ನೋಡುತ್ತ ನಿಂತೆ. ಚಪ್ಪಟೆಯಾಗಿ ಮಲಗಲಾರದ ಮನುಷ್ಯ ಮಾತ್ರ ಹಾಗೆ ದಿಂಬು ಪೇರಿಸುತ್ತಾನೆ. ಈ ಒಂಬತ್ತು ವರ್ಷದಲ್ಲಿ ಮತ್ತೆ ಒಂದು ಸಲ, ಒಂದೇ ಒಂದು ಸಲ ಯಾರಾದರೂ ಈ ಕೋಣೆಗೆ ಬಂದಿದ್ದರೆ ಸಾಕಿತ್ತು. ನನಗೆ ಅಲ್ಲೇ ಕೂತು ಅತ್ತುಬಿಡುವ ಹಾಗಾಯಿತು. ಅತ್ತೂಬಿಟ್ಟೆ.

ಬೀಗ ಹಾಕುವಾಗ ಪಕ್ಕದ ಬಾಗಿಲು ಸ್ವಲ್ಪ ತೆರೆಯಿತು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡ ಹೆಂಗಸು, ಐವತ್ತರ ಮೇಲೆ ವಯಸ್ಸು. ಹಿಂದೆ ಹೊಲಿಗೆ ಮೆಷಿನ್ನು, ಅರ್ಧ ಹೊಲಿದ ಶಾಲೆಯ ಯೂನಿಫಾರಂಗಳ ರಾಶಿ. ಅವರದೂ ಒಬ್ಬರೇ ಇರುವ ಮನೆ.

"ನೀವು ಅವರ ಕಡೆಯವರಾ?"

"ತಂಗಿ" ಅಂದೆ. ಬರೆದು ಕೊಟ್ಟಿದ್ದೆನಲ್ಲ.

"ಬೆಳಿಗ್ಗೆ ಚೀಲ ಹಿಡ್ಕೊಂಡು ಹೋದ್ರು. ಎಲ್ಲಾದ್ರೂ ನೆಂಟರ ಮನೆಗೇನೋ ಅಂದ್ಕೊಂಡೆ. ಒಳ್ಳೇದಾಯ್ತು ಅಂತಾನೂ ಅನ್ನಿಸ್ತು."

ಆಸ್ಪತ್ರೆಯಲ್ಲಿದ್ದಾರೆ, ಉಸಿರಾಟದ ತೊಂದರೆ, ಈಗ ಪರವಾಗಿಲ್ಲ ಅಂತ ಹೇಳಿದೆ. ಅವರು ಬಾಗಿಲು ಪೂರ್ತಿ ತೆಗೆದರು.

"ಅಷ್ಟು ಅತ್ರೆ ಇನ್ನೇನಾಗುತ್ತಮ್ಮ?"

"ಯಾರು ಅತ್ತಿದ್ದು?"

"ಅವರೇ. ದಿನಾ ಬೆಳಗಿನ ಜಾವ ಅಳ್ತಾರಲ್ಲ. ನಾನು ಈ ಮನೆಗೆ ಬಂದು ಏಳು ವರ್ಷ ಆಯ್ತು, ಅವತ್ತಿಂದ ಕೇಳ್ತಿದ್ದೀನಿ. ಹೆಂಡತಿ ತೀರ್ಕೊಂಡಿದ್ದಾರೆ ಅಂತ ಕೆಳಗಿನ ಮನೆಯವರು ಹೇಳಿದ್ರು. ಪಾಪ, ಹಗಲು ನೋಡಿದ್ರೆ ಏನೂ ಗೊತ್ತಾಗಲ್ಲ."

ನಾನು ಅವರ ಬಾಗಿಲ ಹತ್ತಿರ ಹೋದೆ. "ಹೇಗೆ ಅಳ್ತಾರೆ? ಸ್ವಲ್ಪ ಮಾಡಿ ತೋರಿಸ್ತೀರಾ?"

ಅವರು ಸಂಕೋಚಪಟ್ಟರು. ಆಮೇಲೆ ಕಣ್ಣು ಮುಚ್ಚಿ, ಉಸಿರು ಒಳಗೆಳೆದು, ಹಲ್ಲಿನ ಸಂದಿಯಿಂದ ಉದ್ದಕ್ಕೆ, ಸಣ್ಣಗೆ, ನಡುಗುತ್ತ ಆಚೆ ಬಿಟ್ಟರು. ಮತ್ತೆ ಒಮ್ಮೆ. ನಡುವೆ ಎರಡು ಕೆಮ್ಮು. ಬೆಳಿಗ್ಗೆ ಎಂಟು ಗಂಟೆಗೆ ನಾನು ಕೇಳಿದ್ದು ಅಕ್ಷರಶಃ ಅದೇ.

"ಮೂರೂವರೆಗೆ ಶುರುವಾದ್ರೆ ಐದರ ತನಕ. ಮಳೆ ಮೋಡ ಇದ್ದಾಗ ಜಾಸ್ತಿ" ಅಂದರು. ನಾನು ಒಂದು ಸಲವೂ ಕೇಳದ ಪ್ರಶ್ನೆಗೆ ಏಳು ವರ್ಷದ ಉತ್ತರ ಅವರ ಹತ್ತಿರ ಇತ್ತು.

"ಒಂದು ದಿನಾನೂ ಅವರನ್ನ ಕೇಳ್ಬೇಕು ಅನ್ನಿಸಲಿಲ್ವಾ ನಿಮಗೆ?" ನನ್ನ ದನಿ ಏರಿತ್ತು. ನನ್ನ ತಪ್ಪನ್ನು ಅವರ ಮೇಲೆ ಹಾಕುತ್ತಿದ್ದೆ, ಅದು ನನಗೇ ಗೊತ್ತಿತ್ತು.

ಅವರು ಕೋಪಿಸಿಕೊಳ್ಳಲಿಲ್ಲ. "ಗಂಡಸು ಒಬ್ಬರೇ ಕೂತು ಅಳೋದನ್ನ, ನಂಗೆ ಕೇಳಿಸ್ತು ಅಂತ ಹೇಗಮ್ಮ ಹೇಳೋದು? ಆಮೇಲೆ ಅಲ್ಲೂ ಅಳೋಕಾಗಲ್ಲ ಅವರಿಗೆ. ಅದಕ್ಕೇ ಆ ಹೊತ್ತಿಗೆ ಎದ್ದು ಕೂತ್ಕೊಂಡು ಮುಗಿಯೋ ತನಕ ಇರ್ತೀನಿ. ಆಮೇಲೆ ಮಲಗ್ತೀನಿ."

ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬಂದೆ. ಹೊಲಿಗೆಯ ಕೆಲಸ ಬಿಟ್ಟು, ಟೇಪು ಕುತ್ತಿಗೆಯಲ್ಲೇ ಇಟ್ಟುಕೊಂಡು ಬಂದರು. ಮೇಡಂ ಒಂದೊಂದಾಗಿ ಕೇಳಿದರು, ಅವರು ಒಂದೊಂದಕ್ಕೂ ಲೆಕ್ಕವಿಟ್ಟವರ ಹಾಗೆ ಹೇಳಿದರು. ತಕ್ಕಡಿಯಣ್ಣ ದಿಂಬಿಗೆ ಒರಗಿ ಕೂತು ತನ್ನ ರಾತ್ರಿಗಳ ಕಥೆಯನ್ನು ಬೇರೆಯವರ ಬಾಯಿಂದ ಕೇಳಿಸಿಕೊಂಡ.

"ಎದೆ ಹಿಡಿದ ಹಾಗಾಗಿ ಎಚ್ಚರ ಆಗ್ತಿತ್ತಾ?" ಮೇಡಂ ಅವನನ್ನು ಕೇಳಿದರು.

"ಆಗ್ತಿತ್ತು."

"ಹಾಗಾದ್ರೆ ಯಾಕೆ ಇಲ್ಲ ಅಂದ್ರಿ?"

ಅವನಿಗೆ ಆ ಪ್ರಶ್ನೆ ನಿಜಕ್ಕೂ ಆಶ್ಚರ್ಯ ತಂದಿತು. "ಅದು ಕಾಯಿಲೆನಾ ಮೇಡಂ? ಸದ್ದು ಮೂಗಿಂದು ಅಂದ್ಕೊಂಡಿದ್ದೆ. ಎದೆ ಹಿಡಿಯೋದು..." ನಿಲ್ಲಿಸಿ ಹೊದಿಕೆಯ ಅಂಚನ್ನು ಎಳೆದುಕೊಂಡ. "ಅವಳು ಹೋದ್ಮೇಲೆ ಶುರುವಾಗಿದ್ದಲ್ವಾ. ಒಬ್ರೇ ಇರೋರಿಗೆಲ್ಲ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ."

ಮೇಡಂ ಕೈಯಲ್ಲಿದ್ದ ಪೆನ್ನು ಬರೆಯುವುದನ್ನು ನಿಲ್ಲಿಸಿತು. ಮಾತಾಡಿದ್ದು ಹೊಲಿಗೆಯವರು ಒಬ್ಬರೇ.

"ನಾನೂ ಹಾಗೇ ಅಂದ್ಕೊಂಡಿದ್ದೆ" ಅಂದರು.

ಅವನಿಗೆ ಇನ್ಹೇಲರಿನಿಂದ ಸೇದುವ ಔಷಧಿ ಶುರುವಾಯಿತು, ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ. ನಾನು ಮೇಲಿನವರಿಗೆ ನನ್ನ ತಪ್ಪನ್ನು ಬರೆದು ಕೊಟ್ಟೆ. ಬಯ್ದರು, ಬಯ್ಯಬೇಕಾದದ್ದೇ. ಈಗ ನಮ್ಮ ಫಾರಂನಲ್ಲಿ ಮೊದಲ ಪ್ರಶ್ನೆ, ರಾತ್ರಿ ನೀವು ಮಲಗುವ ಕೋಣೆಯಲ್ಲಿ ಇನ್ನು ಯಾರು ಮಲಗುತ್ತಾರೆ ಅಂತ. ಯಾರೂ ಇಲ್ಲ ಅಂದವರಿಗೆ ಊದುವ ಪರೀಕ್ಷೆಯಾಗದೆ ಆ ಮಾತ್ರೆ ಇಲ್ಲ. ಯಾರೂ ಇಲ್ಲ ಅನ್ನುವವರು ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಮಾತ್ರೆ ಇಲ್ಲದೆ ಅವನ ಮೂಗಿನ ಆಪರೇಷನ್ ಆಯಿತು. ತೂಗಿದವಳು ನಾನು, ಒಣ ಬಟ್ಟೆ ಮೊದಲು ತೂಗಿ ಬರೆದಿಟ್ಟೇ. ಎಚ್ಚರವಾಗಿ ಅರ್ಧ ಗಂಟೆಗೆ "ಎಷ್ಟು?" ಅಂದ. ಇನ್ನೂರ ನಾಲ್ಕು ಅಂದೆ. "ಮಾತ್ರೆ ಇದ್ದಿದ್ರೆ ನೂರರೊಳಗೆ" ಅಂದ, ಆ ಮಾತ್ರೆಯ ಮೇಲೆ ಅವನಿಗೆ ಇವತ್ತಿಗೂ ಕೋಪವಿಲ್ಲ. ಜೊತೆಗಾರರ ಸಹಿಯನ್ನು ಈ ಸಲವೂ ನಾನೇ ಹಾಕಿದ್ದೆ. ಹೊರಗಿನ ಬೆಂಚಿನಲ್ಲಿ ಹೊಲಿಗೆಯವರು ಗುಂಡಿ ಹಚ್ಚುತ್ತ ಕೂತಿದ್ದರು, ಯಾರೂ ಕರೆದಿರಲಿಲ್ಲ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವನು ಈಗಲೂ ಒಬ್ಬನೇ ಇದ್ದಾನೆ, ಅವರೂ ಒಬ್ಬರೇ ಇದ್ದಾರೆ, ನಡುವೆ ಒಂದು ಗೋಡೆ. ಮೊನ್ನೆ ಕ್ಯಾಂಟೀನಿನಲ್ಲಿ ಎದುರು ಕೂತವನನ್ನು ಎದೆ ಹೇಗಿದೆ ಅಂತ ಕೇಳಿದೆ. ಈಗೀಗ ಕೇಳುತ್ತೇನೆ.

"ಹಗುರ ಇದೆ. ಆದ್ರೂ ಮೂರೂವರೆಗೆ ಎಚ್ಚರ ಆಗುತ್ತೆ ಸಿಸ್ಟರ್. ಸುಂಯ್ ಇಲ್ಲ, ಹಿಡಿತ ಇಲ್ಲ, ಸುಮ್ನೆ ಎಚ್ಚರ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹೋದ ವಾರ ಅವರು ಮೆಟ್ಟಿಲಲ್ಲಿ ಸಿಕ್ಕಿದ್ರು. ರಾತ್ರಿ ಮನೇಲಿ ಇದ್ರಾ ಅಂತ ಕೇಳಿದ್ರು. ಇದ್ದೆ ಅಂದೆ. ಏನೂ ಸದ್ದೇ ಕೇಳಿಸಲ್ಲ ಈಗ, ಇದ್ದೀರೋ ಇಲ್ವೋ ಗೊತ್ತಾಗಲ್ಲ, ನಂಗೆ ನಿದ್ದೇನೇ ಹತ್ತಲ್ಲ ಅಂದ್ರು."

"ನೀವೇನಂದ್ರಿ?"

"ಏನಂತ ಹೇಳ್ಲಿ. ಅವತ್ತಿಂದ ಮಲಗೋ ಮುಂಚೆ ಗೋಡೆ ಕಡೆ ತಿರುಗಿ ಒಂದ್ಸಲ ಕೆಮ್ತೀನಿ."

ನಾನು ಲೋಟ ಕೆಳಗಿಟ್ಟೆ. "ಕೆಮ್ಮು ಇನ್ನೂ ಇದೆಯಾ? ಔಷಧಿ ಸರಿಯಾಗಿ ಸೇದ್ತಿದ್ದೀರಾ?"

"ಕೆಮ್ಮು ಎಲ್ಲಿದೆ? ಸುಮ್ನೆ ಕೆಮ್ತೀನಿ" ಅಂದ. "ಆ ಕಡೆ ದೀಪದ ಸ್ವಿಚ್ಚು ಆರ್ಸೋ ಸದ್ದು ಕೇಳುತ್ತೆ. ಆಮೇಲೆ ನಾನೂ ಮಲಗ್ತೀನಿ."